ಆಟದ ಕಂಬ: ದೊಂದಿ ಹಿಡಿದ ಕೈಯಿಂದ ಸ್ಪೀಕರ್ ಸ್ಟ್ಯಾಂಡ್ ತನಕ

ಮಂಗಳೂರು ಸೀಮೆಯಲ್ಲಿ ಆಟ ಎಂದರೆ ಯಕ್ಷಗಾನ. ಆಟ ಉಂಟು ಎಂದರೆ ಗದ್ದೆಯಲ್ಲಿ ಮೊದಲು ಏಳುವುದು ನಾಲ್ಕು ಕಂಬ. ಆ ನಾಲ್ಕು ಕಂಬಕ್ಕೆ ಮಾವಿನ ಎಲೆಯ ತೋರಣ ಕಟ್ಟಿದರೆ ಅದು ರಂಗಸ್ಥಳ. ಮೇಳದವರು ಪೆಟ್ಟಿಗೆ ಹೊರಿಸಿಕೊಂಡು ಊರಿಂದ ಊರಿಗೆ ನಡೆದೇ ಹೋಗುತ್ತಿದ್ದ ಕಾಲದಲ್ಲಿ ವೇಷದ ಸಾಮಾನು, ಚೆಂಡೆ, ಮದ್ದಳೆ ಮೇಳದ್ದು; ಕಂಬ, ಚಪ್ಪರ, ಎಣ್ಣೆ ಆಟ ಆಡಿಸುವವರದ್ದು. ಅಡಿಕೆ ಮರವೋ ಬಿದಿರೋ, ತೋಟದಲ್ಲಿ ಸಿಕ್ಕಿದ್ದನ್ನು ಕಡಿದು ತಂದು, ಹೊಂಡ ತೆಗೆದು, ಹೂತು, ಕಲ್ಲು ಜಡಿದು ನಿಲ್ಲಿಸುತ್ತಿದ್ದರು. ಕಂಬ ಅಲ್ಲಾಡಿದರೆ ಬೈಗುಳ ತಿನ್ನುವುದು ಊರಿನವರೇ. ಹಾಗಾಗಿ ಅದು ಅಲ್ಲಾಡುತ್ತಿರಲಿಲ್ಲ.

ಈಗ ಎಲ್ಲವೂ ವಾಹನದಲ್ಲಿ ಬರುತ್ತದೆ. ಮೇಳದ ಲಾರಿಯಲ್ಲಿ ಕಳಚಿ ಜೋಡಿಸುವ ಕಬ್ಬಿಣದ ರಂಗಸ್ಥಳ, ಸೌಂಡ್ಸ್‌ನವರ ಪಿಕಪ್‌ನಲ್ಲಿ ಸ್ಪೀಕರ್, ಲೈಟು, ಮೈಕ್ ಮತ್ತು ಅವುಗಳ ಸ್ಟ್ಯಾಂಡು. ಆಟದ ಸಮಿತಿ ಸಭೆಗಳ ವರದಿಗೆ ಹೋದಾಗ ನಾವು ಗಮನಿಸಿದ್ದೇನೆಂದರೆ, ಸ್ಪೀಕರ್ ಎಷ್ಟು, ಲೈಟ್ ಎಷ್ಟು, ಬಾಡಿಗೆ ಎಷ್ಟು ಎಂದು ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಅದೆಲ್ಲ ಯಾವುದರ ಮೇಲೆ ನಿಲ್ಲುತ್ತದೆ ಎಂದು ಒಬ್ಬರೂ ಕೇಳುವುದಿಲ್ಲ. ಎದುರು ಸಾಲಿನಲ್ಲಿ ಚಾಪೆ ಹಾಕಿ ಕೂರುವುದು, ಅರ್ಧ ರಾತ್ರಿ ಕಳೆದರೆ ಅಲ್ಲೇ ಮಲಗುವುದು ನಮ್ಮ ಮಕ್ಕಳು. ಅದಕ್ಕಾಗಿ ಈ ಕಂಬದ ಕಥೆ.

ಬಯಲಾಟದ ಮೊದಲ ಲೈಟ್ ಸ್ಟ್ಯಾಂಡ್ ಮನುಷ್ಯನ ಕೈ. ಕೋಲಿನ ತುದಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಉರಿಸಿದ ದೊಂದಿಯನ್ನು ರಂಗಸ್ಥಳದ ಎರಡು ಬದಿಯಲ್ಲಿ ಹಿಡಿಯುತ್ತಿದ್ದರು. ಆಗಾಗ ಎಣ್ಣೆ ಹೊಯ್ಯಬೇಕು, ಕರಿ ಕೊಡವಬೇಕು. ಕಷ್ಟದ ಕೆಲಸವೇ. ಆದರೆ ಆ ಬೆಳಕಿಗೆ ಎರಡು ಗುಣ ಇತ್ತು. ಒಂದು, ಅದು ಆಳಿನ ಎತ್ತರದಲ್ಲಿ ಇರುತ್ತಿತ್ತು. ತೆಂಕುತಿಟ್ಟಿನ ಕಿರೀಟ ಎಷ್ಟು ದೊಡ್ಡದೆಂದು ನಿಮಗೆ ಗೊತ್ತು. ಬೆಳಕು ನೆತ್ತಿಯ ಮೇಲಿಂದ ಬಿದ್ದರೆ ಕಿರೀಟದ ನೆರಳು ಮುಖವನ್ನೇ ನುಂಗುತ್ತದೆ. ದೊಂದಿಯ ಬೆಳಕು ಎದುರಿನಿಂದ, ಬದಿಯಿಂದ ಬರುತ್ತಿದ್ದುದರಿಂದ ಬಣ್ಣದ ವೇಷದ ಚುಟ್ಟಿಯ ಒಂದೊಂದು ಮುಳ್ಳೂ ಎದ್ದು ಕಾಣುತ್ತಿತ್ತು. ಇನ್ನೊಂದು, ಆ ಸ್ಟ್ಯಾಂಡಿಗೆ ಕಾಲಿತ್ತು, ಅದು ನಡೆಯುತ್ತಿತ್ತು. ದೇವಿ ಮಹಾತ್ಮೆ ಆಟದಲ್ಲಿ ಮಹಿಷಾಸುರ ಜನರ ನಡುವಿನಿಂದ ಬರುವಾಗ ದೊಂದಿ ಅವನ ಜೊತೆಗೇ ಬರುತ್ತದೆ, ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಏಳುತ್ತದೆ. ಇದು ಇವತ್ತಿಗೂ ಉಳಿದಿದೆ. ಅಷ್ಟು ಎಲ್‌ಇಡಿ ಲೈಟು ಬಂದರೂ ಮಹಿಷಾಸುರನಿಗೆ ದೊಂದಿಯೇ ಬೇಕು. ದೊಂದಿ ಬೆಳಕಿನ ಆಟ ಎಂದು ಈಗ ಅಲ್ಲಲ್ಲಿ ಬೇರೆಯಾಗಿಯೇ ಏರ್ಪಾಡು ಮಾಡುತ್ತಾರೆ. ನೋಡಿಲ್ಲದವರು ಒಮ್ಮೆ ನೋಡಿ.

ಆಮೇಲೆ ಗ್ಯಾಸ್‌ಲೈಟ್ ಬಂತು. ಜರ್ಮನಿಯ ಬರ್ಲಿನ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಪೆಟ್ರೋಮ್ಯಾಕ್ಸ್ ಎಂಬ ಹೆಸರು ನಮ್ಮ ಕಡೆ ಆ ಜಾತಿಯ ಎಲ್ಲ ದೀಪಕ್ಕೂ ಅಂಟಿಕೊಂಡಿತು. ಸೀಮೆಎಣ್ಣೆಗೆ ಪಂಪು ಹೊಡೆದು ಒತ್ತಡ ಕೊಟ್ಟು, ಅದನ್ನು ಆವಿ ಮಾಡಿ, ಬಲೆಯಂಥ ಮ್ಯಾಂಟಲ್‌ನಲ್ಲಿ ಉರಿಸುವ ದೀಪ. ಮದುವೆ, ಕೋಲ, ಕಂಬಳ, ಆಟ ಎಲ್ಲದಕ್ಕೂ ಅದೇ.

ಗ್ಯಾಸ್‌ಲೈಟನ್ನು ರಾತ್ರಿಯಿಡೀ ಕೈಯಲ್ಲಿ ಹಿಡಿಯಲು ಆಗುವುದಿಲ್ಲ. ಅದನ್ನು ಕಂಬಕ್ಕೆ ಅಥವಾ ಅಡ್ಡ ಬಿದಿರಿಗೆ ತೂಗಬೇಕು. ಇಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು: ಬೆಳಕು ಕೈಯಿಂದ ಕಂಬಕ್ಕೆ ಹೋಯಿತು, ಮೇಲಕ್ಕೆ ಏರಿತು, ನಿಂತಲ್ಲಿ ನಿಂತಿತು. ವೇಷ ಬೆಳಕಿದ್ದಲ್ಲಿಗೆ ಬರಬೇಕಾಯಿತು. ಪಂಪು ಹೊಡೆಯಲು ದೀಪವನ್ನು ಇಳಿಸಿ ಏರಿಸಬೇಕು, ಹಾಗಾಗಿ ಕೊಕ್ಕೆ ಕೈಗೆ ಎಟಕುವಷ್ಟೇ ಎತ್ತರದಲ್ಲಿರಬೇಕು. ಸ್ಟ್ಯಾಂಡಿನ ಎತ್ತರ ನಿರ್ಧಾರವಾಗುವುದು ಹೀಗೆ, ದೀಪಕ್ಕೆ ಏನು ಬೇಕು, ಅದನ್ನು ನೋಡಿಕೊಳ್ಳುವವನ ಕೈ ಎಲ್ಲಿಗೆ ಎಟಕುತ್ತದೆ ಎಂಬುದರ ಮೇಲೆ.

1950ರ ದಶಕದಿಂದ ಟೆಂಟ್ ಮೇಳಗಳ ಕಾಲ. ಸುರತ್ಕಲ್ ಮೇಳ, ಕಲ್ಲಾಡಿ ವಿಠಲ ಶೆಟ್ಟರ ಕರ್ನಾಟಕ ಮೇಳ ಇವೆಲ್ಲ ಟಿಕೆಟ್ ಆಟ ಆಡಿದವು. ಮೈದಾನದಲ್ಲಿ ಡೇರೆ ಎದ್ದಿತೆಂದರೆ ಇಡೀ ಪೇಟೆಗೆ ಸುದ್ದಿ. ದುಡ್ಡು ಕೊಟ್ಟು ಒಳಗೆ ಬಂದವನಿಗೆ ಹಿಂದಿನ ಸಾಲಿನಲ್ಲೂ ಕಾಣಬೇಕು, ಕೇಳಬೇಕು. ಜನರೇಟರ್, ಟ್ಯೂಬ್‌ಲೈಟ್, ಬಣ್ಣದ ಬಲ್ಬು, ಮೈಕ್ ಎಲ್ಲವೂ ಆಟಕ್ಕೆ ಅಂಟಿಕೊಂಡಿತು. ಬೆಳಕು ಇನ್ನೂ ಮೇಲೆ ಹೋಯಿತು. ಇದರಿಂದ ಯಕ್ಷಗಾನದ ಬಣ್ಣ ಕೆಟ್ಟಿತೇ ಎಂದು ವಾದ ಮಾಡುವವರು ಈಗಲೂ ಇದ್ದಾರೆ. ಬೆಂಕಿಯ ಹಳದಿ ಬೆಳಕಿಗೆ ಹುಟ್ಟಿದ ಕೆಂಪು, ಕಪ್ಪು, ಅರದಳದ ಬಣ್ಣ ಬಿಳಿ ಟ್ಯೂಬಿನ ಕೆಳಗೆ ಪೇಲವ ಎನ್ನುವುದರಲ್ಲಿ ಸತ್ಯ ಉಂಟು ಎಂದೇ ನಮ್ಮ ಅಭಿಪ್ರಾಯ. ಆದರೆ ಹಿಂದಿನ ಸಾಲಿನ ಅಜ್ಜಿಗೆ ಮುಖ ಕಂಡದ್ದೂ ಸತ್ಯ.

ಮೈಕಿನ ವಿಷಯಕ್ಕೆ ಬರೋಣ, ಇಲ್ಲಿ ಯಕ್ಷಗಾನ ತನ್ನದೇ ಒಂದು ಉಪಾಯ ಮಾಡಿಕೊಂಡಿತು. ಭಾಷಣಕಾರನ ಎದುರು ನೆಟ್ಟಗೆ ನಿಲ್ಲುವ ಮೈಕ್ ಸ್ಟ್ಯಾಂಡನ್ನು ಆಟದ ನಡುವೆ ಇಡುವುದು ಹೇಗೆ? ಪುಂಡುವೇಷ ಧೀಂಗಿಣ ಹಾಕುವಾಗ ಒಂದೇ ಸುತ್ತಿಗೆ ಸ್ಟ್ಯಾಂಡು ನೆಲಕ್ಕೆ. ಅದಕ್ಕೆ ಮೈಕನ್ನು ಮೇಲಿನ ಅಡ್ಡ ಕಂಬಿಯಿಂದ ತೂಗಿಬಿಟ್ಟರು. ನೆಲದಲ್ಲಿ ಏನೂ ಇಲ್ಲ, ಕುಣಿಯಲು ಜಾಗ ಖಾಲಿ, ಅರ್ಥ ಹೇಳುವಾಗ ಮೈಕಿನ ಕೆಳಗೆ ಬಂದರಾಯಿತು. ತುಳು ನಾಟಕದವರೂ ಇದನ್ನೇ ಮಾಡಿದರು. ರಂಗಸ್ಥಳದ ಹಳೆಯ ನಾಲ್ಕು ಕಂಬವೇ ಮೈಕ್ ಸ್ಟ್ಯಾಂಡೂ ಆಯಿತು. ಪುಸ್ತಕ ಓದಿ ಮಾಡಿದ್ದಲ್ಲ, ಕುಣಿಯುವವನ ಕಾಲು ನೋಡಿ ಮಾಡಿದ್ದು.

ಭಾಗವತರಿಗೆ ಮಾತ್ರ ಸ್ಟ್ಯಾಂಡ್ ಬೇಕೇ ಬೇಕು. ಅವರ ಎರಡು ಕೈಯೂ ಜಾಗಟೆಗೋ ತಾಳಕ್ಕೋ ಸಲ್ಲುತ್ತದೆ. ಮೈಕ್ ಇಲ್ಲದ ಕಾಲದ ಕಂಠದ ನೆನಪನ್ನು ನಮ್ಮ ಕಾಲದ ತನಕ ಹೊತ್ತು ತಂದವರು ಬಲಿಪ ನಾರಾಯಣ ಭಾಗವತರು (1938–2023). ಅವರ ಏರುಶ್ರುತಿ ಕೇಳಿದವರಿಗೆ ಹೇಳಬೇಕಾಗಿಲ್ಲ. ಈಗಿನ ಶೈಲಿ ಮೈಕನ್ನು ನಂಬಿದೆ, ಮೆಲ್ಲಗೆ ಎಳೆದು ಹಾಡುವುದೂ ಕೇಳುತ್ತದೆ. ಹಾಗಿರುವಾಗ ಮೈಕ್ ಹಿಡಿಯುವ ಸ್ಟ್ಯಾಂಡು ಪದ್ಯದ ಮಧ್ಯದಲ್ಲಿ ಮೆಲ್ಲಗೆ ತಲೆ ತಗ್ಗಿಸಿದರೆ ಆಟದ ಕಳೆಯೇ ಹೋಯಿತು. ಭಾಗವತರು ಕೂರುವ ಮಂಚದ ಹಲಗೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ಇಟ್ಟರೆ ಕಾಲಿಗೆ ಜಾಗ ಸಾಲುವುದಿಲ್ಲ. ಅಲ್ಲಿಗೆ ಭಾರದ ಬಟ್ಟಲಿನಂಥ ದುಂಡು ತಳದ ಸ್ಟ್ಯಾಂಡು ಸರಿ. ಮದ್ದಳೆಗೆ ಎರಡು ಬದಿಯ ನಾದ ಹಿಡಿಯಬೇಕು, ಕೆಳಗಿನಿಂದ ಓರೆಯಾಗಿ ಚಾಚುವ ಕೈ ಇರುವ ಗಿಡ್ಡ ಸ್ಟ್ಯಾಂಡು ಬೇಕು. ಓರೆ ಕೈ ಉದ್ದ ಚಾಚಿದಷ್ಟೂ ಸ್ಟ್ಯಾಂಡು ಆ ಕಡೆಗೆ ವಾಲುತ್ತದೆ. ಮೂರು ಕಾಲಿನಲ್ಲಿ ಒಂದು ಕಾಲು ಕೈ ಚಾಚಿದ ದಿಕ್ಕಿಗೇ ಇರಬೇಕು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಎಷ್ಟು ಮೈಕ್ ನೆಲಕ್ಕೆ ಬಿದ್ದಿದೆಯೋ.

ತಾಳಮದ್ದಳೆ ಸುಲಭ. ಅರ್ಥಧಾರಿಗಳು ಕೂತೇ ಮಾತಾಡುವುದು, ಗಿಡ್ಡ ಸ್ಟ್ಯಾಂಡ್ ಸಾಕು.

ಹೊಸ ಮೈಕ್ ಹಿಡಿಕೆ ಕೊಳ್ಳುವವರಿಗೆ ಒಂದು ಮಾತು. ಸ್ಟ್ಯಾಂಡಿನ ತುದಿಯ ಮರೆ ಎರಡು ಅಳತೆಯಲ್ಲಿ ಬರುತ್ತದೆ, ಐದೆಂಟನೇ ಇಂಚು ಮತ್ತು ಮೂರೆಂಟನೇ ಇಂಚು. ಎರಡಕ್ಕೂ ಹೊಂದಿಸುವ ಹಿತ್ತಾಳೆಯ ಸಣ್ಣ ಬಿರಡೆ ಸಿಗುತ್ತದೆ. ಆಟದ ರಾತ್ರಿ ಅದು ಕಿಸೆಯಲ್ಲಿರಲಿ.

ಈಗ ಸ್ಪೀಕರ್. ನಮ್ಮೂರಿಗೆ ಮೊದಲು ಬಂದದ್ದು ಹಾರ್ನ್, ತುತ್ತೂರಿಯಂಥದ್ದು. ದೆಹಲಿಯಲ್ಲಿ 1940ರಲ್ಲಿ ಶುರುವಾದ ಅಹುಜಾ ಕಂಪೆನಿಯ ಹೆಸರು ಹಾರ್ನಿಗೇ ಅಡ್ಡಹೆಸರಾಯಿತು. ಅದರ ಸ್ಟ್ಯಾಂಡು ತೆಂಗಿನ ಮರ. ಹುಡುಗ ಹಗ್ಗ ಹಿಡಿದು ಮರ ಹತ್ತಿ ಹಾರ್ನ್ ಕಟ್ಟಿದರೆ ಸಂಜೆ ಐದಕ್ಕೇ ಮೂರು ಊರಿಗೆ ಕೇಳುತ್ತಿತ್ತು. ಇದಕ್ಕೂ ಹಿಂದಿನ ಚರಿತ್ರೆ ಉಂಟು. ಆಟ ಉಂಟೆಂದು ಊರಿಗೆ ತಿಳಿಸಲು ಸಂಜೆ ಚೆಂಡೆ ಮದ್ದಳೆಯಲ್ಲಿ ಕೇಳಿ ಬಾರಿಸುವ ಕ್ರಮ ಇತ್ತು. ಮರದ ಮೇಲಿನ ಹಾರ್ನ್ ಆ ಕೇಳಿಯ ಕೆಲಸವನ್ನೇ ವಹಿಸಿಕೊಂಡಿತು, ದೂರದವರನ್ನು ಕರೆಯುವುದು. ಕರೆಯಲಿಕ್ಕೆ ಎತ್ತರ ಬೇಕು, ನಿಜ. ಆದರೆ ಜನ ಬಂದು ಕೂತ ಮೇಲೆಯೂ ಹಾರ್ನ್ ಮರದಿಂದ ಇಳಿಯಲಿಲ್ಲ. ಎದುರು ಕೂತವನಿಗೆ ಮಾತು ಸ್ಪಷ್ಟ ಕೇಳದೆ, ಎರಡು ಮೈಲು ಆಚೆ ಮಲಗಿದವನಿಗೆ ನಿದ್ದೆ ಬಾರದೆ ಇರುವ ಸ್ಥಿತಿ ಹುಟ್ಟಿದ್ದು ಹೀಗೆ.

ಶಬ್ದ ಮಾಲಿನ್ಯ ನಿಯಮ ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಮನೆಗಳಿರುವ ಕಡೆ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. 2005ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ವಿವರವಾದ ತೀರ್ಪನ್ನೂ ಕೊಟ್ಟಿತು. ಬಹಳ ವರ್ಷ ಇದು ಆಟಕ್ಕೆ ತಟ್ಟಲಿಲ್ಲ. 2022ರ ತಿರುಗಾಟದಲ್ಲಿ ತಟ್ಟಿತು: ಕಟೀಲಿನ ಮೇಳಗಳ ಆಟವನ್ನು ಕಾಲಮಿತಿಗೆ ಇಳಿಸುವ ನಿರ್ಧಾರ ಆಯಿತು. ಬೆಳಗಿನ ತನಕ ಆಟ ಬೇಕೆಂದು ಭಕ್ತರು ಪಾದಯಾತ್ರೆ ಮಾಡಿದರು, ವಿಷಯ ಹೈಕೋರ್ಟ್ ತನಕ ಹೋಯಿತು. ಹರಕೆ ಹೊತ್ತವರಿಗೆ ಅದು ನಂಬಿಕೆಯ ಪ್ರಶ್ನೆ, ಕಲಾವಿದರಿಗೆ ಅನ್ನದ ಪ್ರಶ್ನೆ, ಪಕ್ಕದ ಮನೆಯಲ್ಲಿ ಕಾಯಿಲೆಯವರಿದ್ದರೆ ಅವರದ್ದೂ ಒಂದು ಪ್ರಶ್ನೆಯೇ.

ಆ ಚರ್ಚೆಯಲ್ಲಿ ಎಲ್ಲರೂ ಗಂಟೆಯ ಬಗ್ಗೆ ಮಾತಾಡಿದರು. ಸ್ಪೀಕರ್ ಎಲ್ಲಿ ನಿಂತಿದೆ ಎಂಬುದರ ಬಗ್ಗೆ ಮಾತಾಡಿದವರು ಕಡಿಮೆ. ಬಯಲಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ರಂಗಸ್ಥಳದ ಬಳಿ ಎರಡೇ ದೊಡ್ಡ ಸ್ಪೀಕರ್ ಇಟ್ಟು 40 ಮೀಟರ್ ದೂರದ ಹಿಂದಿನ ಸಾಲಿಗೆ ಕೇಳಿಸಬೇಕಾದರೆ ವಾಲ್ಯೂಮ್ ಏರಿಸಲೇಬೇಕು, ಎದುರಿನ ಮಕ್ಕಳ ಕಿವಿ ತೂತಾಗಲೇಬೇಕು. ಅದರ ಬದಲು ಜನರ ನಡುವೆ, ಬದಿಯಲ್ಲಿ, 20 ಮೀಟರ್ ದೂರಕ್ಕೆ ಇನ್ನೊಂದು ಜೊತೆ ಸಣ್ಣ ಸ್ಪೀಕರನ್ನು ಸ್ಟ್ಯಾಂಡಿನ ಮೇಲೆ ಇಟ್ಟು, ಮುಖ ಸ್ವಲ್ಪ ಕೆಳಕ್ಕೆ ಬಾಗಿಸಿ ಜನರ ಕಡೆಗೆ ತಿರುಗಿಸಿದರೆ ಎಲ್ಲವನ್ನೂ ತಗ್ಗಿಸಬಹುದು. ಕೂತವರಿಗೆ ಚೆನ್ನಾಗಿ ಕೇಳುತ್ತದೆ, ಊರಿಗೆ ಕಡಿಮೆ ಹೋಗುತ್ತದೆ. ಇದರಿಂದ ಕಾನೂನಿನ ಗಂಟೆ ಬದಲಾಗುವುದಿಲ್ಲ, ಆದರೆ ದೂರು ಕೊಡುವವರ ಸಂಖ್ಯೆ ಬದಲಾಗುತ್ತದೆ. ಹೆಚ್ಚು ಸ್ಪೀಕರ್ ಎಂದರೆ ಹೆಚ್ಚು ಶಬ್ದ ಎಂದು ಹೆದರುವ ಸಮಿತಿಯವರು ಇದನ್ನು ಒಮ್ಮೆ ಪರೀಕ್ಷಿಸಿ ನೋಡಲಿ.

ಹಾಗೆ ಜನರ ನಡುವೆ ಸ್ಪೀಕರ್ ತಂದರೆ ಸ್ಟ್ಯಾಂಡ್ ಬೀಳಬಾರದು. ಈಗ ಎಲ್ಲೆಡೆ ಇರುವುದು ಮೂರು ಕಾಲಿನ ಮಡಚುವ ಸ್ಟ್ಯಾಂಡು, 35 ಮಿಲಿಮೀಟರ್ ಕೊಳವೆ. ಪೆಟ್ಟಿಗೆಯ ಮೇಲೆ 50 ಕಿಲೋ ತಡೆಯುತ್ತದೆ ಎಂದು ಬರೆದಿರುತ್ತದೆ. ಅದು ನೆಟ್ಟಗೆ ಕೆಳಗೆ ಒತ್ತುವ ಭಾರದ ಲೆಕ್ಕ. ಸ್ಟ್ಯಾಂಡು ಮುರಿದು ಬೀಳುವುದು ಅಪರೂಪ, ಅದು ಮಗುಚುತ್ತದೆ.

ಒಂದು ಲೆಕ್ಕ ಹಾಕಿ ನೋಡಿದೆವು. ಸ್ಪೀಕರ್ 20 ಕಿಲೋ, ಸ್ಟ್ಯಾಂಡು 5 ಕಿಲೋ, ಸ್ಪೀಕರ್ ಇರುವುದು 2 ಮೀಟರ್ ಎತ್ತರದಲ್ಲಿ. ಕಾಲನ್ನು ಪೂರ್ತಿ ಅಗಲಿಸಿದರೆ ನಡುವಿನಿಂದ ಕಾಲಿನ ತುದಿಗೆ 60 ಸೆಂಟಿಮೀಟರ್. ಆದರೆ ಎರಡು ಕಾಲಿನ ನಡುವಿನ ದಿಕ್ಕಿಗೆ ಅದರ ಅರ್ಧ, 30 ಸೆಂಟಿಮೀಟರ್ ಮಾತ್ರ ಆಧಾರ. ಆ ದಿಕ್ಕಿಗೆ ಸ್ಪೀಕರನ್ನು ಸುಮಾರು 4 ಕಿಲೋ ಬಲದಲ್ಲಿ ತಳ್ಳಿದರೆ ಸಾಕು, ಮಗುಚುತ್ತದೆ. ಜಾಗ ಸಾಲದೆಂದು ಕಾಲನ್ನು ಅರೆಬರೆ ತೆರೆದು 40 ಸೆಂಟಿಮೀಟರಿಗೆ ನಿಲ್ಲಿಸಿದರೆ ಎರಡೂವರೆ ಕಿಲೋ ಸಾಕು. ವಯರಿಗೆ ಕಾಲು ಸಿಕ್ಕಿದ ಹುಡುಗ ಅದಕ್ಕಿಂತ ಜೋರಾಗಿ ಎಳೆಯುತ್ತಾನೆ. ತಳದಲ್ಲಿ 15 ಕಿಲೋ ಮರಳಿನ ಚೀಲ ಇಟ್ಟರೆ 6 ಕಿಲೋ ತನಕ ತಡೆಯುತ್ತದೆ. ಅಕ್ಕಿಯ ಹಳೆ ಚೀಲ, ಹೊಳೆಯ ಮರಳು, ಖರ್ಚೇನೂ ಇಲ್ಲ. ಸ್ಪೀಕರನ್ನು ಒಂದೂವರೆ ಮೀಟರಿಗೆ ಇಳಿಸಿದರೂ ಗಟ್ಟಿಯಾಗುತ್ತದೆ, ಆದರೆ ನಿಂತು ನೋಡುವವರ ಬೆನ್ನಿಗೆ ಬಡಿದು ಶಬ್ದ ಸಾಯುತ್ತದೆ. ಹಾಗಾಗಿ ಎತ್ತರ ಬೇಕು, ಚೀಲವೂ ಬೇಕು.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಟದ ತಿರುಗಾಟ ಮುಗಿಯುವುದು ಪತ್ತನಾಜೆಗೆ, ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ. ಕೊನೆಯ ಆಟಗಳು ನಡೆಯುವುದು ಗುಡುಗು ಗಾಳಿಯ ದಿನಗಳಲ್ಲಿ. ಅಂಥ ಒಂದು ಸ್ಪೀಕರಿಗೆ ಗಂಟೆಗೆ 55 ಕಿಲೋಮೀಟರ್ ವೇಗದ ಗಾಳಿ ಬಡಿದರೆ ನಾಲ್ಕು ಕಿಲೋಗಿಂತ ಹೆಚ್ಚು ಬಲ ಬೀಳುತ್ತದೆ, ಅಂದರೆ ಯಾರೂ ಮುಟ್ಟದೆಯೇ ಮಗುಚುತ್ತದೆ. ಸ್ಟ್ಯಾಂಡಿಗೆ ಫ್ಲೆಕ್ಸ್ ಕಟ್ಟಿದ್ದರೆ ಇನ್ನೂ ಕಡಿಮೆ ಗಾಳಿ ಸಾಕು. ಪ್ರಾಯೋಜಕರ ಹೆಸರಿಗೆ ಬೇರೆ ಕಂಬ ಹೂಳಿ. ನಾವು ಒಂದು ಕಡೆ ಕಂಡಿದ್ದೇವೆ, ಊರಿನ ಹೆಸರು ಬೇಡ: ಬೆಳಿಗ್ಗೆ ಮೂರರ ಗಾಳಿಗೆ ಫ್ಲೆಕ್ಸ್ ಹಾಯಿಯಂತೆ ಉಬ್ಬಿ ಲೈಟಿನ ಸ್ಟ್ಯಾಂಡು ಚಾಪೆಯ ಮೇಲೆ ಬಂದು ಬಿತ್ತು. ಆ ಚಾಪೆಯವರು ಚಹಾ ಕುಡಿಯಲು ಎದ್ದು ಹೋಗಿದ್ದರು.

ಮಂಗಳೂರು ಪೇಟೆಯ ಒಳಗಿನ ವೇದಿಕೆಗಳ ಕಥೆ ಬೇರೆ. ಕುದ್ಮುಲ್ ರಂಗರಾವ್ ಪುರಭವನದಲ್ಲೋ ಡಾನ್ ಬಾಸ್ಕೋ ಹಾಲಿನಲ್ಲೋ ನೆಲ ಸಮ, ಗಾಳಿ ಇಲ್ಲ, ಕಂಬ ಹೂಳುವ ಪ್ರಶ್ನೆಯೇ ಇಲ್ಲ. ನೆಹರೂ ಮೈದಾನದಂಥ ಬಯಲಲ್ಲಿ ಈಗ ಅಲ್ಯೂಮಿನಿಯಂ ಟ್ರಸ್ ಏಳುತ್ತದೆ, ನಾಲ್ಕು ಮೂಲೆಗೆ ಕಂಬ, ಮೇಲೆ ಅಡ್ಡ ಚೌಕಟ್ಟು, ಲೈಟೆಲ್ಲ ಅದರಲ್ಲೇ ತೂಗುವುದು. ಒಮ್ಮೆ ಸರಿಯಾಗಿ ನೋಡಿ, ಅದು ನಮ್ಮ ರಂಗಸ್ಥಳವೇ, ಮಾವಿನ ಎಲೆ ಇಲ್ಲ ಅಷ್ಟೆ. ಪೇಟೆಯಲ್ಲಿ ಸರಿಯಾದ ಸ್ಟ್ಯಾಂಡ್ ಹಳ್ಳಿಯ ಗದ್ದೆಗೆ ಸರಿಯಾಗುವುದಿಲ್ಲ ಎಂಬುದನ್ನು ಮಾತ್ರ ಬಾಡಿಗೆಗೆ ತರುವವರು ನೆನಪಿಡಬೇಕು. ಕೊಯ್ದ ಗದ್ದೆ ಸಂಜೆಗೆ ಕಲ್ಲಿನಂತೆ ಇರುತ್ತದೆ, ಇಬ್ಬನಿ ಬಿದ್ದು ಬೆಳಗಿನ ಜಾವಕ್ಕೆ ಮೇಲ್ಮಣ್ಣು ಮೆತ್ತಗಾಗುತ್ತದೆ. ಮೂರು ಕಾಲಿನಲ್ಲಿ ಒಂದು ಕಾಲು ಎರಡು ಇಂಚು ಇಳಿದರೆ ಇಡೀ ಸ್ಟ್ಯಾಂಡು ವಾಲುತ್ತದೆ. ಪ್ರತಿ ಕಾಲಿನ ಕೆಳಗೆ ಒಂದು ಅಡಿ ಅಗಲದ ಹಲಗೆ ತುಂಡು ಇಡಬೇಕು. ಗದ್ದೆಯಲ್ಲಿ ಹೂತ ಅಡಿಕೆ ಮರಕ್ಕೆ ಸ್ಪೀಕರ್ ಕಟ್ಟುವುದು ಹಳೆಯ ಕ್ರಮ ಎಂದು ನಗುವವರಿದ್ದಾರೆ. ಎರಡು ಅಡಿ ಆಳ ಹೂತ, ಹುಳ ತಿನ್ನದ ಕಂಬ ಯಾವ ಮಡಚುವ ಸ್ಟ್ಯಾಂಡಿಗಿಂತಲೂ ಗಟ್ಟಿ ಎಂದು ನಾವು ಹೇಳುತ್ತೇವೆ. ಒಂದು ಅನುಕೂಲ ಇನ್ನೂ ಉಂಟು, ಒಣ ಮರ ಕಬ್ಬಿಣದ ಹಾಗೆ ಕರೆಂಟ್ ಹರಿಸುವುದಿಲ್ಲ.

ಕರೆಂಟಿನ ಮಾತು ಬಂತಲ್ಲ. ಲೋಹದ ಸ್ಟ್ಯಾಂಡಿಗೆ ಲೈಟಿನ ವಯರ್ ಸುತ್ತಿ ಏರಿಸುತ್ತಾರೆ. ಆ ವಯರಿನ ಸಿಪ್ಪೆ ಎಲ್ಲಾದರೂ ಸುಲಿದಿದ್ದರೆ ಇಡೀ ಸ್ಟ್ಯಾಂಡೇ 230 ವೋಲ್ಟ್. ಇಬ್ಬನಿಯಲ್ಲಿ ಬರಿಗಾಲಲ್ಲಿ ನಿಂತವನು ಮುಟ್ಟಿದರೆ ಮುಗಿಯಿತು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಉಂಟೋ, ಅರ್ತ್ ಹಾಕಿದ್ದಾರೋ ಎಂದು ಸೌಂಡ್ಸ್‌ನವರನ್ನು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಸೌಂಡ್ಸ್‌ನವರು ಕೇಳಿದರೆ ಖುಷಿಪಡುತ್ತಾರೆ. ಸಿಟ್ಟು ಮಾಡುವವರಾದರೆ ನಿಮಗೆ ಉತ್ತರ ಸಿಕ್ಕಿತು.

ಲೈಟಿನ ಎತ್ತರ ಹೇಗಿರಬೇಕು ಎಂಬುದಕ್ಕೆ ದೊಂದಿಯೇ ಗುರು. ಎದುರಿನ ಎರಡು ಸ್ಟ್ಯಾಂಡಿನ ಲೈಟು ಎಂಟು ಹತ್ತು ಅಡಿಗಿಂತ ಮೇಲೆ ಹೋದರೆ, ಅದೂ ರಂಗಸ್ಥಳಕ್ಕೆ ತೀರಾ ಹತ್ತಿರ ಇದ್ದರೆ, ಕಿರೀಟದ ನೆರಳು ಮತ್ತೆ ಮುಖಕ್ಕೆ. ಸ್ವಲ್ಪ ದೂರ, ಬದಿಗೆ, ಓರೆಯಾಗಿ ಇಡಬೇಕು. ಈಗಿನ ಎಲ್‌ಇಡಿ ಲೈಟು ಹಗುರ, ಒಂದು ಅಡ್ಡಪಟ್ಟಿಗೆ ನಾಲ್ಕು ಹಾಕಬಹುದು, ಆದರೆ ಎರಡೂ ಬದಿಗೆ ಸಮ ಹಾಕಬೇಕು. ಕಾಲು ಅಗಲಿಸಿದ ಸ್ಟ್ಯಾಂಡನ್ನು ಜನರ ನಡುವಿನ ದಾರಿಯಲ್ಲಿ ಮಾತ್ರ ಇಡಬೇಡಿ. ದೇವಿ ಮಹಾತ್ಮೆಯಾದರೆ ಆ ದಾರಿಯಲ್ಲಿ ಮಹಿಷಾಸುರ ಬರಬೇಕು, ಅವನ ಜೊತೆ ಬೆಂಕಿ ಬರಬೇಕು, ಹಿಂದೆ ಮಕ್ಕಳು ಓಡಬೇಕು. ಕಂಬ ನಿಲ್ಲಿಸುವ ಮೊದಲು ಚೌಕಿಗೆ ಹೋಗಿ ಇವತ್ತು ಯಾವ ಪ್ರಸಂಗ, ವೇಷ ಯಾವ ಕಡೆಯಿಂದ ಬರುತ್ತದೆ ಎಂದು ಕೇಳಿ ಬರುವುದು ಎರಡು ನಿಮಿಷದ ಕೆಲಸ.

ಸ್ವಂತ ಸ್ಟ್ಯಾಂಡ್ ಕೊಳ್ಳುವ ಯುವಕ ಮಂಡಲ, ಭಜನಾ ಮಂಡಳಿಗಳು ಈಗ ಹೆಚ್ಚುತ್ತಿವೆ. ಕರಾವಳಿಯ ಉಪ್ಪು ಗಾಳಿಗೆ ಅಗ್ಗದ ಕಬ್ಬಿಣದ ಕೊಳವೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಹೊಸದಾಗಿಯೇ ಕಾಣುತ್ತದೆ. ಅಂಗಡಿಯಲ್ಲಿ ನಡುಕೊಳವೆಯನ್ನು ಪೂರ್ತಿ ಎಳೆದು ಅಲ್ಲಾಡಿಸಿ ನೋಡಿ. ಕೊಳವೆಗೆ ತೂತಿದ್ದು ಅದರಲ್ಲಿ ಅಡ್ಡ ಹಾಕುವ ಉಕ್ಕಿನ ಪಿನ್ ಇರಬೇಕು. ಬರೀ ತಿರುಪಿನ ಬಲದಲ್ಲಿ ನಿಲ್ಲುವುದು ನಡುರಾತ್ರಿ ಸರ್ರನೆ ಇಳಿಯುತ್ತದೆ, ಬೆರಳು ಸಿಕ್ಕಿದರೆ ಬೆರಳು ಹೋಯಿತು. ಪಿನ್ನನ್ನು ಸರಪಳಿಯಿಂದ ಸ್ಟ್ಯಾಂಡಿಗೇ ಕಟ್ಟಿರುವುದನ್ನು ಆರಿಸಿ. ಸಡಿಲ ಪಿನ್ ಮೊದಲ ಆಟದಲ್ಲೇ ಕಳೆದುಹೋಗುತ್ತದೆ, ಆಮೇಲೆ ಅದರ ಜಾಗಕ್ಕೆ ಮೊಳೆ ಬರುತ್ತದೆ.

ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಈ ಸ್ಟ್ಯಾಂಡುಗಳೆಲ್ಲ ಭಜನಾ ಮಂದಿರದ ಮೂಲೆಗೋ ಯಾರದ್ದೋ ಮನೆಯ ಅಟ್ಟಕ್ಕೋ ಹೋಗುತ್ತವೆ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿಯೇ. ಹಾಗೆ ಇಡುವ ಮೊದಲು ನಡುಕೊಳವೆಯನ್ನು ಪೂರ್ತಿ ಹೊರಗೆಳೆದು, ಒಳಗಿನ ನೀರು ಬಸಿದು, ಬಿಸಿಲಿದ್ದ ಒಂದು ದಿನ ಒಣಗಿಸಿ, ತಿರುಪಿಗೆ ಗ್ರೀಸ್ ಹಚ್ಚಿ ಇಡಬೇಕು. ಒದ್ದೆಯಲ್ಲೇ ಮಡಚಿಟ್ಟರೆ ನವೆಂಬರಿನಲ್ಲಿ ಮೇಳ ಹೊರಟು ನಿಮ್ಮೂರಿಗೆ ಆಟ ಬಂದ ದಿನ, ಸಂಜೆ ಆರು ಗಂಟೆಗೆ, ಸುತ್ತಿಗೆ ಹುಡುಕಬೇಕಾಗುತ್ತದೆ.